ಬೀಟ್ ಒಂದು, ಹಾಡು ನೂರು: ದುಡ್ಡು ಯಾರಿಗೆ?

ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ. ಇವತ್ತು ಹೇಳ್ತಿರೋದು ರೆಗೆ ಮತ್ತು ಡಾನ್ಸ್‌ಹಾಲ್ ಸಂಗೀತದ ಕಥೆ. ರೆಗೆ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಬಾಬ್ ಮಾರ್ಲಿಯ ಟೀ-ಶರ್ಟ್ ನೆನಪಾಗತ್ತೆ. ಮಾರ್ಲಿ ಬಗ್ಗೆ ಸ್ವಲ್ಪ ಮಾತಾಡೋಣ, ಆದರೆ ಇವತ್ತಿನ ಕಥೆಯ ಮುಖ್ಯ ವ್ಯಕ್ತಿ ಅವರಲ್ಲ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಹೆಂಗಸು ಇದ್ದರು. ಬ್ಯಾಂಕಿನಲ್ಲಿ ಲೆಕ್ಕಪತ್ರದ ಕೆಲಸ. 2014ರಲ್ಲಿ ಒಂದು ಶೂ ಕಂಪನಿಯ ಟಿವಿ ಜಾಹೀರಾತಿನಲ್ಲಿ ಒಂದು ಹಳೆಯ ಹಾಡು ಬಂತು. ಹಾಡಿರೋ ದನಿ ಇವರದ್ದೇ! 1982ರಲ್ಲಿ, ಇಪ್ಪತ್ತು ವರ್ಷದ ಹುಡುಗಿಯಾಗಿದ್ದಾಗ, ಜಮೈಕಾದಲ್ಲಿ ಹಾಡಿದ್ದು. ಹಾಡಿನ ಹೆಸರು 'ಬ್ಯಾಮ್ ಬ್ಯಾಮ್'. ಇವರ ಹೆಸರು ಸಿಸ್ಟರ್ ನ್ಯಾನ್ಸಿ. ಪ್ರಪಂಚದ ಯಾವ ಮೂಲೆಯಲ್ಲಿ ರೆಗೆ ಪಾರ್ಟಿ ಆದ್ರೂ ಈ ಹಾಡು ಬಾರದೇ ಇರಲ್ಲ. ಆದರೆ ನ್ಯಾನ್ಸಿ ಸಂದರ್ಶನಗಳಲ್ಲಿ ಹೇಳಿರೋ ಪ್ರಕಾರ, ಆ 32 ವರ್ಷದಲ್ಲಿ ಈ ಹಾಡಿನ ರಾಯಲ್ಟಿ ಅಂತ ಅವರ ಕೈಗೆ ಏನೂ ಬಂದಿರಲಿಲ್ಲ.

ನಾನು ಬಿಕಾಂ ಓದಿದ್ದು. ಇಂಥ ಕಥೆ ಕೇಳಿದ್ರೆ ಮೊದಲು ತಲೆಗೆ ಬರೋದು ಲೆಡ್ಜರ್. ದುಡ್ಡು ಎಲ್ಲಿಂದ ಬಂತು, ಯಾರ ಖಾತೆಗೆ ಹೋಯ್ತು? 'ಯಾರೋ ಮೋಸ ಮಾಡಿದ್ರು' ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಈ ಸಂಗೀತ ಹುಟ್ಟಿದ ರೀತಿ ನೋಡಿದ್ರೆ ವಿಷಯ ಅಷ್ಟು ಸರಳ ಅಲ್ಲ ಅಂತ ಗೊತ್ತಾಗತ್ತೆ. ಬನ್ನಿ, ಮೊದಲಿಂದ ನೋಡೋಣ.

ಬೀದಿಗೆ ಬಂದ ಸ್ಪೀಕರ್

1950ರ ದಶಕ. ಜಮೈಕಾ ಇನ್ನೂ ಬ್ರಿಟಿಷರ ವಸಾಹತು; ಸ್ವಾತಂತ್ರ್ಯ ಬಂದಿದ್ದು 1962ರ ಆಗಸ್ಟ್ 6ಕ್ಕೆ. ರಾಜಧಾನಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಮನೆಗೊಂದು ರೆಕಾರ್ಡ್ ಪ್ಲೇಯರ್ ಇಡೋ ಶಕ್ತಿ ಯಾರಿಗಿತ್ತು? ದೊಡ್ಡ ಬ್ಯಾಂಡ್ ಕರೆಸಿ ಕುಣಿಯೋದು ಶ್ರೀಮಂತರ ಸಮಾಚಾರ. ಹಾಗಾಗಿ ಬಂದಿದ್ದು ಸೌಂಡ್ ಸಿಸ್ಟಂ. ಒಂದು ಆಂಪ್ಲಿಫೈಯರ್, ಬೀರು ಗಾತ್ರದ ಸ್ಪೀಕರ್‌ಗಳು, ಒಂದಷ್ಟು ರೆಕಾರ್ಡು. ಯಾವುದಾದ್ರೂ ಬಯಲಲ್ಲೋ ಅಂಗಳದಲ್ಲೋ ಜೋಡಿಸಿದ್ರೆ ಮುಗೀತು. ಪ್ರವೇಶಕ್ಕೆ ಸ್ವಲ್ಪ ದುಡ್ಡು, ಒಳಗೆ ಕುಡಿಯೋದಕ್ಕೆ, ತಿನ್ನೋದಕ್ಕೆ ವ್ಯಾಪಾರ. ಇಂಥ ಜಾಗಕ್ಕೇ 'ಡಾನ್ಸ್‌ಹಾಲ್' ಅಂತಿದ್ದರು. ಮುಂದೆ ಅದೇ ಒಂದು ಸಂಗೀತ ಪ್ರಕಾರದ ಹೆಸರಾಯ್ತು.

ಆ ಕಾಲದ ಇಬ್ಬರು ದೊಡ್ಡ ಪೈಪೋಟಿದಾರರು ಡ್ಯೂಕ್ ರೀಡ್ ಮತ್ತು ಕಾಕ್ಸನ್ ಡಾಡ್. ರೀಡ್ ಮಾಜಿ ಪೊಲೀಸ್, ಮದ್ಯದಂಗಡಿ ಮಾಲೀಕ. ಡಾಡ್ ಅಮೆರಿಕಕ್ಕೆ ಹೊಲದ ಕೂಲಿಗೆ ಹೋಗಿ, ಬರುವಾಗ ಅಲ್ಲಿನ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್ ತಂದವರು. ಬೇರೆಯವರ ಹತ್ರ ಇಲ್ಲದ ಹಾಡು ನಮ್ಮ ಹತ್ರ ಇದ್ರೆ ಜನ ನಮ್ಮ ಕಡೆ ಬರ್ತಾರೆ. ಇದೇ ಅವರ ವ್ಯಾಪಾರದ ಗುಟ್ಟು. ಅದಕ್ಕೇ ಹಾಡಿನ ಹೆಸರು ಎದುರಾಳಿಗೆ ಗೊತ್ತಾಗಬಾರದು ಅಂತ ರೆಕಾರ್ಡಿನ ಮೇಲಿನ ಲೇಬಲ್ಲನ್ನೇ ಕೆರೆದು ಹಾಕ್ತಿದ್ದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ವಿಲಿಸ್ ಜಾಕ್ಸನ್ ನುಡಿಸಿದ ಒಂದು ರೆಕಾರ್ಡಿಗೆ ಡಾಡ್ ತಮ್ಮದೇ ಹೆಸರಿಟ್ಟು 'ಕಾಕ್ಸನ್ ಹಾಪ್' ಅಂತ ಹಾಕ್ತಿದ್ದರು!

ಇಲ್ಲೊಂದು ವಿಷಯ ಗಮನಿಸಿ. ಹಾಡು ಬರೆದವರು ಯಾರು, ನುಡಿಸಿದವರು ಯಾರು ಅನ್ನೋದನ್ನ ಅಳಿಸಿ ಹಾಕೋದು ಈ ಉದ್ಯಮದ ಮೊದಲ ದಿನದಿಂದಲೇ ಇತ್ತು.

ಅಮೆರಿಕದಲ್ಲಿ ಸಂಗೀತದ ರುಚಿ ಬದಲಾಗಿ, ಕಿಂಗ್‌ಸ್ಟನ್ನಿನ ಜನಕ್ಕೆ ಬೇಕಾದಂಥ ಹಾಡು ಅಲ್ಲಿಂದ ಬರೋದು ಕಡಿಮೆ ಆದಾಗ, ಈ ಸೌಂಡ್ ಸಿಸ್ಟಂ ಮಾಲೀಕರು ಸ್ವಂತ ಹಾಡು ರೆಕಾರ್ಡ್ ಮಾಡಿಸೋಕೆ ಶುರು ಮಾಡಿದರು. 1963ರಲ್ಲಿ ಡಾಡ್ ಕಿಂಗ್‌ಸ್ಟನ್‌ನ ಬ್ರೆಂಟ್‌ಫರ್ಡ್ ರಸ್ತೆಯ 13ನೇ ನಂಬರಿನಲ್ಲಿ ಸ್ಟುಡಿಯೊ ಒನ್ ತೆರೆದರು. ರೀಡ್ ಅವರ ಸ್ಟುಡಿಯೊ ಅವರ ಮದ್ಯದಂಗಡಿಯ ಮೇಲೇ ಇತ್ತು. ಮೊದಲು ವೇಗದ ಸ್ಕಾ, 1966ರ ಹೊತ್ತಿಗೆ ನಿಧಾನವಾದ ರಾಕ್‌ಸ್ಟೆಡಿ, 1968ರಲ್ಲಿ ರೆಗೆ. ಆ ವರ್ಷ ಟೂಟ್ಸ್ ಹಿಬರ್ಟ್ ಅವರ ಮೇಟಲ್ಸ್ ತಂಡ ತಂದ ಒಂದು ಹಾಡಿನ ಹೆಸರಲ್ಲೇ 'ರೆಗೆ' ಅನ್ನೋ ಪದ ಇತ್ತು.

ಇಲ್ಲಿ ಲೆಕ್ಕ ಹೇಗಿತ್ತು ಅಂದ್ರೆ, ವಾದಕರಿಗೆ ಹಾಡಿಗೆ ಇಷ್ಟು ಅಂತ ಕೂಲಿ. ಗಾಯಕರಿಗೆ ಒಂದು ಸಲ ಕೊಡೋ ಸಣ್ಣ ಮೊತ್ತ. ಟೇಪು, ಸ್ಟುಡಿಯೊ, ಅಚ್ಚಾದ ರೆಕಾರ್ಡು ಎಲ್ಲ ಪ್ರೊಡ್ಯೂಸರ್ ಆಸ್ತಿ. 1972ರ ಜಮೈಕಾದ ಸಿನಿಮಾ 'ದ ಹಾರ್ಡರ್ ದೇ ಕಮ್' ನೋಡಿ. ಹಳ್ಳಿಯಿಂದ ಬಂದ ಹುಡುಗನಿಗೆ ಅವನ ಹಾಡಿಗೆ ಕೊಡೋದು 20 ಡಾಲರ್. ಅದು ಕಥೆಯೇ ಇರಬಹುದು, ಆದರೆ ಅಲ್ಲಿನ ಜನಕ್ಕೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ದನಿ ಬಿಟ್ಟುಹೋದ ರೆಕಾರ್ಡು

60ರ ದಶಕದ ಕೊನೆಗೆ ನಡೆದ ಒಂದು ಘಟನೆಯನ್ನ ಜಮೈಕಾದವರು ಇವತ್ತಿಗೂ ಹೇಳ್ತಾರೆ. ಸ್ಪ್ಯಾನಿಶ್ ಟೌನ್ ಊರಿನ ರಡ್ಡಿ ರೆಡ್‌ವುಡ್ ಅನ್ನೋ ಸೌಂಡ್ ಸಿಸ್ಟಂ ಮಾಲೀಕರು ಒಂದು ಹಾಡಿನ ಪ್ರತಿ ಮಾಡಿಸೋಕೆ ರೀಡ್ ಅವರ ಸ್ಟುಡಿಯೊಗೆ ಹೋದರು. ಎಂಜಿನಿಯರ್ ಗಾಯಕರ ದನಿಯ ಟ್ರ್ಯಾಕ್ ಸೇರಿಸೋದನ್ನ ಮರೆತುಬಿಟ್ಟರು. ಬರೀ ಡ್ರಮ್, ಬೇಸ್, ಗಿಟಾರ್ ಇದ್ದ ಪ್ರತಿ ಕೈಗೆ ಬಂತು. ರೆಡ್‌ವುಡ್ ಅದನ್ನ ಬಿಸಾಡಲಿಲ್ಲ. ರಾತ್ರಿ ಮೊದಲು ಪೂರ್ತಿ ಹಾಡು ಹಾಕಿದರು, ಆಮೇಲೆ ದನಿ ಇಲ್ಲದ್ದನ್ನ ಹಾಕಿದರು. ಜನರೇ ಹಾಡೋಕೆ ಶುರು ಮಾಡಿದರು!

ಆಮೇಲೆ ಜಮೈಕಾದ ರೆಕಾರ್ಡುಗಳ ಹಿಂಬದಿಯಲ್ಲಿ ದನಿ ಇಲ್ಲದ 'ವರ್ಶನ್' ಬರೋದು ರೂಢಿ ಆಯ್ತು. ಪ್ರೊಡ್ಯೂಸರ್‌ಗೆ ಇದು ಡಬಲ್ ಲಾಭ. ಹಿಂಬದಿಗೆ ಇನ್ನೊಂದು ಹಾಡು ಬೇಡ, ಇನ್ನೊಬ್ಬ ಗಾಯಕನಿಗೆ ದುಡ್ಡೂ ಬೇಡ.

ಆದರೆ ಈ ಉಳಿತಾಯದಿಂದ ಎರಡು ದೊಡ್ಡ ಕಲೆಗಳು ಹುಟ್ಟಿದವು. ಒಂದು ಡಬ್. ವಾಟರ್‌ಹೌಸ್ ಬಡಾವಣೆಯ ಒಸ್ಬೋರ್ನ್ ರಡಕ್, ಅಂದ್ರೆ ಕಿಂಗ್ ಟಬಿ, ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡ್ತಿದ್ದವರು. ಅವರು ಈ ವರ್ಶನ್‌ಗಳನ್ನ ಬಿಚ್ಚಿ ಮತ್ತೆ ಜೋಡಿಸಿದರು. ಬೇಸ್ ಮಾತ್ರ ಬಿಡೋದು, ಡ್ರಮ್ಮಿಗೆ ಪ್ರತಿಧ್ವನಿ ಕೊಡೋದು, ಗಿಟಾರನ್ನ ತಟ್ಟನೆ ಮಾಯ ಮಾಡೋದು. ಇವತ್ತು ನಾವು 'ರೀಮಿಕ್ಸ್' ಅಂತೀವಲ್ಲ, ಅದರ ತವರು ಮನೆಗಳಲ್ಲಿ ಇದೂ ಒಂದು.

ಎರಡನೇದು ಡೀಜೇ. ಗಮನಿಸಿ, ಜಮೈಕಾದಲ್ಲಿ ಡೀಜೇ ಅಂದ್ರೆ ರೆಕಾರ್ಡ್ ಹಾಕೋರಲ್ಲ. ಹಾಕೋರು ಸೆಲೆಕ್ಟರ್. ಮೈಕ್ ಹಿಡಿದು ಬೀಟಿನ ಮೇಲೆ ಪ್ರಾಸ ಕಟ್ಟಿ ಮಾತಾಡೋರು ಡೀಜೇ. 1970ರಲ್ಲಿ ಟಬಿಯ ಸೌಂಡ್ ಸಿಸ್ಟಂನ ಡೀಜೇ ಯು-ರಾಯ್, ಡ್ಯೂಕ್ ರೀಡ್ ಅವರ ಹಳೆಯ ರಾಕ್‌ಸ್ಟೆಡಿ ವರ್ಶನ್‌ಗಳ ಮೇಲೆ ಮಾತಾಡಿ ಸಾಲಾಗಿ ಮೂರು ಹಾಡು ಬಿಟ್ಟರು. ಮೂರೂ ಜಮೈಕಾದ ಪಟ್ಟಿಯ ಮೇಲ್ತುದಿಗೆ ಹೋದವು. ಇದೇ ಸೌಂಡ್ ಸಿಸ್ಟಂ ನೋಡುತ್ತಾ ಬೆಳೆದ ಕಿಂಗ್‌ಸ್ಟನ್ ಹುಡುಗ ಕ್ಲೈವ್ ಕ್ಯಾಂಬೆಲ್ 1967ರಲ್ಲಿ ನ್ಯೂಯಾರ್ಕಿಗೆ ಹೋದ. ಮುಂದೆ ಕೂಲ್ ಹರ್ಕ್ ಅಂತ ಹೆಸರಾದ. 1973ರ ಆಗಸ್ಟ್ 11ಕ್ಕೆ ಬ್ರಾಂಕ್ಸ್‌ನಲ್ಲಿ ಅವನು ದೊಡ್ಡ ಸ್ಪೀಕರ್ ಇಟ್ಟು ಮಾಡಿದ ಪಾರ್ಟಿಯನ್ನೇ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸ್ತಾರೆ.

ರಿದಿಮ್ ಅಂದ್ರೆ ಏನು?

ಈಗ ಇವತ್ತಿನ ಸಂಚಿಕೆಯ ಮುಖ್ಯ ಪದ: ರಿದಿಮ್. ಇಂಗ್ಲಿಷಿನ 'ರಿದಮ್' ಅನ್ನೋದರ ಜಮೈಕಾ ಉಚ್ಚಾರಣೆ. ಒಂದು ಹಾಡಿನ ಡ್ರಮ್ ಮತ್ತು ಬೇಸ್‌ನ ನಡೆ, ಅದರ ರೆಕಾರ್ಡಿಂಗ್, ಇಷ್ಟಕ್ಕೂ ಸೇರಿ ರಿದಿಮ್ ಅಂತಾರೆ. ಪ್ರತಿ ರಿದಿಮ್‌ಗೂ ಒಂದು ಹೆಸರು ಇರತ್ತೆ. ಕನ್ನಡದಲ್ಲಿ ಹತ್ತಿರದ ಪದ ಅಂದ್ರೆ 'ಧಾಟಿ'. ಅದೇ ಧಾಟಿಯಲ್ಲಿ ಹೊಸ ಪದ ಕಟ್ಟಿ ಹಾಡೋದು ನಮಗೆ ಗೊತ್ತಲ್ವಾ? ವ್ಯತ್ಯಾಸ ಏನಂದ್ರೆ, ಧಾಟಿಯಲ್ಲಿ ಹಾಡುವವರು ಹೊಸದಾಗಿ ಹಾಡ್ತಾರೆ, ಹೊಸದಾಗಿ ನುಡಿಸ್ತಾರೆ. ರಿದಿಮ್‌ನಲ್ಲಿ ಎಷ್ಟೋ ಸಲ ಅದೇ ಹಳೆಯ ಟೇಪೇ ತಿರುಗತ್ತೆ.

ಸ್ಟುಡಿಯೊ ಒನ್‌ನಲ್ಲಿ ಸೌಂಡ್ ಡೈಮೆನ್ಶನ್ ಅನ್ನೋ ತಂಡ 60ರ ದಶಕದಲ್ಲಿ 'ರಿಯಲ್ ರಾಕ್' ಅನ್ನೋ ಒಂದು ವಾದ್ಯ ಸಂಗೀತ ನುಡಿಸಿತು. ಮುಂದಿನ ದಶಕಗಳಲ್ಲಿ ಅದೇ ರಿದಿಮ್ ಮೇಲೆ ನೂರಾರು ಹಾಡು ಬಂದವು.

ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ರಿದಿಮ್ ಒಂದು ಸ್ಥಿರ ಆಸ್ತಿ. ಒಂದು ಸಲ ಬಂಡವಾಳ ಹಾಕಿದ್ರೆ ಸಾಕು, ಮುಂದಿನ ಪ್ರತಿ ಹಾಡಿಗೂ ಖರ್ಚು ಬರೀ ಗಾಯಕನ ಕೂಲಿ ಮತ್ತು ಅಚ್ಚಿನ ಖರ್ಚು. ಸವಕಳಿ ಅನ್ನೋದೇ ಇಲ್ಲ. ಹಳೇದಾದಷ್ಟೂ ಬೆಲೆ ಜಾಸ್ತಿ! ಅದಕ್ಕೇ ಅಷ್ಟು ಚಿಕ್ಕ ಬಡ ದೇಶದಿಂದ ಅಷ್ಟೊಂದು ಹಾಡು ಬಂತು. ಕಾಸಿಲ್ಲದ ಹುಡುಗನೂ ಸ್ಟುಡಿಯೊ ಬಾಗಿಲಿಗೆ ಹೋಗಿ, ಇರೋ ರಿದಿಮ್ ಮೇಲೆ ಹಾಡಿ, ಮುಂದಿನ ವಾರ ಡಾನ್ಸ್‌ಹಾಲ್‌ನಲ್ಲಿ ಹೆಸರು ಮಾಡಬಹುದಿತ್ತು. ಅನಾಥಾಶ್ರಮದಲ್ಲಿ ಬೆಳೆದು, ಚರ್ಮ ಬಿಳಿ ಅಂತ ಊರಿಂದ ಅಣಕಿಸಿಕೊಂಡ ಯೆಲ್ಲೊಮ್ಯಾನ್ 80ರ ದಶಕದ ಆರಂಭದಲ್ಲಿ ಡಾನ್ಸ್‌ಹಾಲ್‌ನ ದೊರೆ ಆಗಿದ್ದು ಹೀಗೇ.

ಒಂದು ಹಾಡಿಗೆ ಎಷ್ಟು ವಾರಸುದಾರರು?

ಈಗ ನ್ಯಾನ್ಸಿ ಹತ್ರ ವಾಪಸ್ ಬರೋಣ. 'ಬ್ಯಾಮ್ ಬ್ಯಾಮ್' ಹಾಡನ್ನ ಪದರ ಪದರವಾಗಿ ಬಿಡಿಸಿ ನೋಡಿ.

ಬೀಟ್ 'ಸ್ಟಾಲಗ್' ಅನ್ನೋ ರಿದಿಮ್. 70ರ ದಶಕದಲ್ಲಿ ಕೀಬೋರ್ಡ್ ವಾದಕ ಆನ್ಸೆಲ್ ಕಾಲಿನ್ಸ್ ನುಡಿಸಿದ್ದು, ಪ್ರೊಡ್ಯೂಸರ್ ವಿನ್‌ಸ್ಟನ್ ರೈಲಿ. ಪಲ್ಲವಿಯ ಆ 'ಬ್ಯಾಮ್ ಬ್ಯಾಮ್' ಕೂಗು ಟೂಟ್ಸ್ ಮತ್ತು ಮೇಟಲ್ಸ್ ಅವರದ್ದು. 1966ರಲ್ಲಿ ಜಮೈಕಾದ ಮೊದಲ ಉತ್ಸವ ಗೀತೆ ಸ್ಪರ್ಧೆಯಲ್ಲಿ ಗೆದ್ದ ಹಾಡು ಅದು. ಇದರ ಮೇಲೆ ನ್ಯಾನ್ಸಿ ಸೇರಿಸಿದ್ದು ಚರಣ, ಪ್ರಾಸ ಮತ್ತು ಗಂಡಸರೇ ತುಂಬಿದ್ದ ಡಾನ್ಸ್‌ಹಾಲ್‌ನಲ್ಲಿ ಮೈಕ್ ಹಿಡಿದು ನಿಂತ ಒಬ್ಬ ಹುಡುಗಿಯ ಗತ್ತು. ಹಾಡು ಇವತ್ತಿಗೂ ನಿಂತಿರೋದು ಆ ಗತ್ತಿನ ಮೇಲೆ. ಆದರೆ ಗತ್ತಿಗೆ ಕಾಗದ ಪತ್ರ ಇರಲಿಲ್ಲ.

ಆ ಕಾಲಕ್ಕೆ ಕಾನೂನೂ ಹಾಗೇ ಇತ್ತು. 1993ರವರೆಗೆ ಜಮೈಕಾದಲ್ಲಿ ನಡೀತಿದ್ದದ್ದು ಬ್ರಿಟಿಷರ 1911ರ ಹಕ್ಕುಸ್ವಾಮ್ಯ ಕಾಯ್ದೆ. ಯು-ರಾಯ್, ಯೆಲ್ಲೊಮ್ಯಾನ್, ನ್ಯಾನ್ಸಿ, ಎಲ್ಲರ ಸುವರ್ಣಕಾಲ ಆ ಹಳೆಯ ಕಾಯ್ದೆಯಡಿಯಲ್ಲೇ ಕಳೆದುಹೋಯ್ತು. ಸ್ವಂತ ಕಾಯ್ದೆ ಬಂದಿದ್ದು 1993ರಲ್ಲಿ.

ಕಾಗದದ ಮೇಲಿನ ಹೆಸರಿಗೆ ಎಷ್ಟು ಬೆಲೆ ಅನ್ನೋದಕ್ಕೆ ಬಾಬ್ ಮಾರ್ಲಿಯ ಉದಾಹರಣೆ ಇದೆ. 'ನೋ ವುಮನ್, ನೋ ಕ್ರೈ' ಹಾಡಿನ ರಚನೆ ಅಂತ ನಮೂದಾಗಿರೋದು ಮಾರ್ಲಿ ಹೆಸರಲ್ಲ, ವಿನ್ಸೆಂಟ್ ಫೋರ್ಡ್ ಹೆಸರು. ಟ್ರೆಂಚ್‌ಟೌನ್ ಬಡಾವಣೆಯಲ್ಲಿ ಹಸಿದವರಿಗೆ ಊಟ ಹಾಕ್ತಿದ್ದ ಗೆಳೆಯ ಅವರು. ಆ ಒಂದು ಸಾಲಿನ ನಮೂದಿನಿಂದ ರಾಯಲ್ಟಿ ಹಣ ಅವರ ಕಡೆ ಹೋಗೋ ಹಾಗಾಯ್ತು. ಹೆಸರು ಬರೆದ್ರೆ ಗೆಳೆಯನಿಗೆ ಊಟ. ಬರೀದೇ ಹೋದ್ರೆ, ಬ್ಯಾಂಕಿನಲ್ಲಿ ನೌಕರಿ.

ಕೀಬೋರ್ಡಿನ ಒಂದು ಬಟನ್

1985ಕ್ಕೆ ಬನ್ನಿ. ಕಿಂಗ್‌ಸ್ಟನ್‌ನ ನೋಯಲ್ ಡೇವಿ ಅನ್ನೋ ಯುವಕನ ಹತ್ರ ಕ್ಯಾಸಿಯೊ ಎಂಟಿ-40 ಅನ್ನೋ ಪುಟ್ಟ ಕೀಬೋರ್ಡ್ ಇತ್ತು. ಮನೆಯಲ್ಲಿ ಮಕ್ಕಳು ನುಡಿಸೋ ಥರದ್ದು. ಅದರಲ್ಲಿ ಮೊದಲೇ ತುಂಬಿಸಿಟ್ಟ ಒಂದು 'ರಾಕ್' ಬೀಟ್. ಡೇವಿ ಮತ್ತು ಗಾಯಕ ವೇನ್ ಸ್ಮಿತ್ ಅದನ್ನ ಪ್ರೊಡ್ಯೂಸರ್ ಕಿಂಗ್ ಜ್ಯಾಮಿ ಹತ್ರ ತಗೊಂಡು ಹೋದರು. ಜ್ಯಾಮಿ ಅದರ ವೇಗ ಇಳಿಸಿದರು. ಅದೇ 'ಸ್ಲೆಂಗ್ ಟೆಂಗ್' ರಿದಿಮ್. 1985ರ ಫೆಬ್ರುವರಿ 23ರ ರಾತ್ರಿ ಇನ್ನೊಂದು ಸೌಂಡ್ ಸಿಸ್ಟಂ ಜೊತೆಗಿನ ಪೈಪೋಟಿಯಲ್ಲಿ ಜ್ಯಾಮಿ ಅದನ್ನ ಹಾಕಿದಾಗ ಜನ ಹುಚ್ಚೆದ್ದು ಕುಣಿದರು. ಕೆಲವೇ ತಿಂಗಳಲ್ಲಿ ಡಾನ್ಸ್‌ಹಾಲ್ ಡಿಜಿಟಲ್ ಆಯ್ತು. ಡ್ರಮ್, ಬೇಸ್ ನುಡಿಸಿ ದಿನಗೂಲಿ ಸಂಪಾದಿಸ್ತಿದ್ದ ಎಷ್ಟೋ ವಾದಕರಿಗೆ ಸ್ಟುಡಿಯೊ ಕೆಲಸ ಕಡಿಮೆ ಆಯ್ತು.

ಆ ಬಟನ್ ಹಿಂದೆ ಯಾರಿದ್ದರು ಗೊತ್ತಾ? ಒಕುಡಾ ಹಿರೊಕೊ ಅನ್ನೋ ಜಪಾನಿ ಯುವತಿ. 1980ರಲ್ಲಿ ಸಂಗೀತ ಕಾಲೇಜು ಮುಗಿಸಿ ಕ್ಯಾಸಿಯೊ ಸೇರಿದವರು. ಕಾಲೇಜಿನಲ್ಲಿ ಅವರು ಬರೆದ ಪ್ರಬಂಧದ ವಿಷಯ, ಕೇಳಿ, ರೆಗೆ! ಜಪಾನಿನಲ್ಲಿ ಕೂತು ರೆಗೆ ಹಚ್ಚಿಕೊಂಡ ಹುಡುಗಿ ಮಾಡಿದ ಬೀಟು ಜಮೈಕಾಗೇ ಹೋಗಿ ರೆಗೆಯ ದಿಕ್ಕು ಬದಲಿಸಿತು. ಈ ಬೀಟ್ ಮೇಲೆ ನೂರಾರು ಹಾಡು ಬಂದ್ರೂ ಕ್ಯಾಸಿಯೊ ಯಾರ ಹತ್ರವೂ ದುಡ್ಡು ಕೇಳಲಿಲ್ಲ. ಕೇಳಿದ್ದಿದ್ರೆ? ಆ ನೂರಾರು ಹಾಡುಗಳಲ್ಲಿ ಎಷ್ಟು ಹುಟ್ಟುತ್ತಿದ್ದವೋ, ಹೇಳೋದು ಕಷ್ಟ.

ದೀವಾಳಿ ಬೀಟು, ಮತ್ತೆ ಕೋರ್ಟು

ನಿಮ್ಮಲ್ಲಿ ಕೆಲವರು ಶಾನ್ ಪಾಲ್ ಕೇಳಿರ್ತೀರಿ. ಅವರ 'ಗೆಟ್ ಬಿಜಿ' 2003ರಲ್ಲಿ ಅಮೆರಿಕದ ಪಟ್ಟಿಯಲ್ಲಿ ನಂಬರ್ ಒನ್ ಆಯ್ತು. ಅದರ ಚಪ್ಪಾಳೆ ಬೀಟಿನ ರಿದಿಮ್ ಹೆಸರು 'ದೀವಾಳಿ'. ಹೌದು, ನಮ್ಮ ದೀಪಾವಳಿಯೇ. ಮಾಡಿದವರು ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್. 1845ರಿಂದ ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಸಾವಿರಾರು ಭಾರತೀಯರು ಹೋಗಿ ನೆಲೆಸಿದ ದ್ವೀಪ ಅದು, ಅಲ್ಲಿ ಆ ಪದ ಅಪರಿಚಿತ ಏನಲ್ಲ. ಅದೇ ವರ್ಷ ಅದೇ ರಿದಿಮ್ ಮೇಲೆ ವೇನ್ ವಂಡರ್ ಮತ್ತು ಲುಮಿಡೀ ಹಾಡುಗಳೂ ಅಮೆರಿಕದಲ್ಲಿ ಹಿಟ್ ಆದವು. ಒಂದು ಬೀಟು, ಮೂರು ಹಿಟ್ಟು.

ಈಗ ಇತ್ತೀಚಿನ ಅಧ್ಯಾಯ. 1989ರಲ್ಲಿ ಸ್ಟೀಲಿ ಅಂಡ್ ಕ್ಲೀವಿ ಅನ್ನೋ ಜೋಡಿ 'ಫಿಶ್ ಮಾರ್ಕೆಟ್' ಅನ್ನೋ ರಿದಿಮ್ ಮಾಡಿತು. ಆ ನಡೆಯ ಮೇಲೆ 1990ರಲ್ಲಿ ಶಬಾ ರ್‍ಯಾಂಕ್ಸ್ 'ಡೆಂ ಬೌ' ಹಾಡಿದರು. ಆ ಬೀಟು ಪನಾಮಾ, ನ್ಯೂಯಾರ್ಕ್, ಪೋರ್ಟೊ ರಿಕೊ ಕಡೆ ಹೋಗಿ ಸ್ಪ್ಯಾನಿಶ್ ಹಾಡುಗಳ ಬೆನ್ನೆಲುಬಾಯ್ತು. ಇವತ್ತು ನಾವು ರೀಲ್ಸ್‌ನಲ್ಲಿ ಕೇಳೋ ರೆಗೆಟಾನ್‌ನ ಬೀಟು ಅದೇ. ಸ್ಟೀಲಿ 2009ರಲ್ಲಿ ತೀರಿಕೊಂಡರು. 2021ರಲ್ಲಿ ಕ್ಲೀವಿ ಮತ್ತು ಸ್ಟೀಲಿಯ ವಾರಸುದಾರರು ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. ನಮ್ಮ ಬೀಟನ್ನ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿದ್ದಾರೆ, ಪಾಲು ಕೊಡಿ ಅಂತ. ಪ್ರತಿವಾದಿಗಳಲ್ಲಿ ಡ್ಯಾಡಿ ಯಾಂಕಿ, ಲೂಯಿಸ್ ಫಾನ್ಸಿ ಥರದ ದೊಡ್ಡ ಹೆಸರುಗಳಿವೆ. ಒಂದು ಬೀಟು ಯಾರೊಬ್ಬರ ಸ್ವತ್ತಾಗೋಕೆ ಸಾಧ್ಯವಿಲ್ಲ, ಅದು ಒಂದು ಪ್ರಕಾರದ ಸಾಮಾನ್ಯ ಕಟ್ಟಡ ಸಾಮಗ್ರಿ ಅನ್ನೋದು ಅವರ ಕಡೆಯ ವಾದ. 2024ರಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನ ಆರಂಭದಲ್ಲೇ ವಜಾ ಮಾಡೋಕೆ ಒಪ್ಪಲಿಲ್ಲ.

ಇಬ್ಬರ ಮಾತಲ್ಲೂ ನಿಜ ಇದೆ ಅನ್ನೋದೇ ಇಲ್ಲಿನ ಸಂಕಟ. ಸ್ಟೀಲಿ, ಕ್ಲೀವಿ ಇಲ್ಲದೇ ಹೋಗಿದ್ರೆ ಆ ಕೋಟ್ಯಂತರ ಡಾಲರ್‌ನ ಉದ್ಯಮಕ್ಕೆ ಆ ಬೀಟು ಎಲ್ಲಿಂದ ಬರ್ತಿತ್ತು? ಅವರ ಮನೆಯವರು ಪಾಲು ಕೇಳೋದು ತಪ್ಪಾ? ಇನ್ನೊಂದು ಕಡೆ, ಪ್ರತಿ ಬೀಟಿಗೂ ಬೀಗ ಹಾಕಿದ್ದಿದ್ರೆ ಯು-ರಾಯ್ ಬಾಯಿ ತೆರೀತಿರಲಿಲ್ಲ. 1982ರ ಆ ಹುಡುಗಿ ಸ್ಟಾಲಗ್‌ಗೆ ಪರವಾನಗಿ, ಟೂಟ್ಸ್ ಪಲ್ಲವಿಗೆ ಪರವಾನಗಿ ಅಂತ ಅಲೆದಾಡೋಕೆ ದುಡ್ಡೆಲ್ಲಿಂದ ತರ್ತಿದ್ದಳು? 'ಬ್ಯಾಮ್ ಬ್ಯಾಮ್' ಹುಟ್ಟುತ್ತಲೇ ಇರಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಹಂಚಿಕೊಂಡಿದ್ದು ತಪ್ಪಲ್ಲ. ಬೀಟು ಕೈಯಿಂದ ಕೈಗೆ ಹೋಗಿದ್ದರಿಂದಲೇ ಆ ದ್ವೀಪದ ಸಂಗೀತ ಲೋಕ ಸುತ್ತಿತು. 2018ರಲ್ಲಿ ಯುನೆಸ್ಕೊ ರೆಗೆಯನ್ನ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಅದಕ್ಕೇ. ತಪ್ಪಾಗಿದ್ದು ದುಡ್ಡು ಬಂದಾಗ. ಕಲೆ ಎಲ್ಲರ ಕೈ ದಾಟಿ ಹೋಯ್ತು, ಲಾಭ ಮಾತ್ರ ಟೇಪು ಯಾರ ಕಪಾಟಿನಲ್ಲಿತ್ತೋ ಅಲ್ಲೇ ನಿಂತಿತು. ಬಳಸೋಕೆ ಮುಂಚೆ ಬೀಗ ಹಾಕೋದು ಬೇರೆ, ಬಳಸಿ ಗಳಿಸಿದ ಮೇಲೆ ಲೆಕ್ಕ ಕೊಡೋದು ಬೇರೆ. ಜಮೈಕಾದಲ್ಲಿ ಬೀಗ ಇರಲಿಲ್ಲ, ಅದು ಒಳ್ಳೇದಾಯ್ತು. ಲೆಕ್ಕವೂ ಇರಲಿಲ್ಲ, ಅದಕ್ಕೆ ಬೆಲೆ ಕೊಟ್ಟಿದ್ದು ಹಾಡಿದವರು, ನುಡಿಸಿದವರು.

ನ್ಯಾನ್ಸಿಗೆ ಕೊನೆಗೂ ಸ್ವಲ್ಪ ನ್ಯಾಯ ಸಿಕ್ಕಿತು. ಆ ಜಾಹೀರಾತಿನ ನಂತರ ವಕೀಲರನ್ನ ಹಿಡಿದರು. ಅವರೇ ಹೇಳಿಕೊಂಡಂತೆ ಹಿಂದಿನ 10 ವರ್ಷಗಳ ಹಣ ಮತ್ತು ಹಾಡಿನಲ್ಲಿ ಅರ್ಧ ಪಾಲು ಬಂತು. ಉಳಿದ 22 ವರ್ಷ ಹೋಗಿದ್ದು ಹೋಯ್ತು. 2016ರಲ್ಲಿ ಕಾನ್ಯೆ ವೆಸ್ಟ್, 2017ರಲ್ಲಿ ಜೇ-ಝೀ ಅದೇ ಹಾಡಿನ ತುಣುಕು ಬಳಸಿದರು. ಜೇ-ಝೀ ವಿಡಿಯೊದಲ್ಲಿ ಸ್ವತಃ ನ್ಯಾನ್ಸಿಯೂ ಇದ್ದಾರೆ. ಬ್ಯಾಂಕ್ ಕೆಲಸ ಬಿಟ್ಟು ಈಗ ಊರೂರು ಸುತ್ತಿ ಹಾಡ್ತಾರೆ.

ನಿಮಗೊಂದು ಸಣ್ಣ ಕೆಲಸ. ಇವತ್ತು ಯಾವುದಾದ್ರೂ ಇಷ್ಟದ ಹಾಡು ಹಾಕಿದಾಗ ಆ್ಯಪ್‌ನಲ್ಲಿ 'ಕ್ರೆಡಿಟ್ಸ್' ಅಂತ ಇರತ್ತಲ್ಲ, ಅದನ್ನ ಒಂದ್ಸಲ ಒತ್ತಿ. ದನಿ ಯಾರದು, ಬರೆದಿದ್ದು ಯಾರು, ಬೀಟ್ ಯಾರದು ನೋಡಿ. ಆಮೇಲೆ ಯಾರ ಹೆಸರು ಇಲ್ಲ ಅನ್ನೋದನ್ನೂ ಯೋಚಿಸಿ. ಸಿಕ್ಕಿದ್ರೆ ಕಾಮೆಂಟ್‌ನಲ್ಲಿ ಬರೀರಿ, ಓದ್ತೀನಿ. ಮುಂದಿನ ವಾರ ಸಿಗೋಣ.